ಡ್ರ್ಯಾಗನ್ ಬಾಲ್ ಕ್ಯಾಸೆಟ್‌ನಲ್ಲಿ ಸೇವ್ ಉಳಿಯುತ್ತಿಲ್ಲ: ದುರಸ್ತಿ ಮಾಡಿಸಲೇ, ಫೋನಿನಲ್ಲೇ ಆಡಿಸಲೇ?

ಮಂಡ್ಯ_ವಿದ್ಯಾನಗರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಪಿಯುಸಿ ಓದುತ್ತಿದ್ದಾಗ ಮಸ್ಕತ್‌ನಲ್ಲಿದ್ದ ಚಿಕ್ಕಪ್ಪ ರಜೆಗೆ ಬಂದವರು ನಿಂಟೆಂಡೊ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ಒಂದು ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ ಯಂತ್ರವನ್ನು ತಂದುಕೊಟ್ಟಿದ್ದರು. ಕ್ಯಾಸೆಟ್ ಮಾತ್ರ ನಾನೇ ಮಂಡ್ಯದಿಂದ ರೈಲಿನಲ್ಲಿ ಮೈಸೂರಿಗೆ ಹೋಗಿ, ಕೂಡಿಟ್ಟ ಹಣದಲ್ಲಿ ಒಂದು ಅಂಗಡಿಯಿಂದ ಕೊಂಡದ್ದು. ಅದು ‘ಡ್ರ್ಯಾಗನ್ ಬಾಲ್ ಝಡ್: ಸೂಪರ್‌ಸಾನಿಕ್ ವಾರಿಯರ್ಸ್’. ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ‘ಡ್ರ್ಯಾಗನ್ ಬಾಲ್ ಝಡ್’ ಎಂಬ ಜಪಾನಿ ಕಾರ್ಟೂನ್ ಸರಣಿಯನ್ನು ನೋಡುತ್ತ ಬೆಳೆದ ನನಗೆ, ಗೋಕು ಮತ್ತು ವೆಜಿಟಾ ಅಂಗೈಯಗಲದ ಪರದೆಯ ಮೇಲೆ ನಾನು ಹೇಳಿದಂತೆ ಹಾರುತ್ತಾರೆ ಎಂಬುದೇ ಅಂದು ದೊಡ್ಡ ಸಂಗತಿಯಾಗಿತ್ತು.

ಈಗ ಅಕ್ಕನ ಮಗ ಬೇಸಿಗೆ ರಜೆಗೆ ಬಂದಿದ್ದಾನೆ. ಬೀರುವಿನ ಮೇಲಿದ್ದ ಡಬ್ಬದಿಂದ ಅದನ್ನು ತೆಗೆದು ಚಾರ್ಜ್ ಮಾಡಿದಾಗ ಯಂತ್ರವೂ ಆಟವೂ ಸರಿಯಾಗಿಯೇ ತೆರೆದುಕೊಂಡವು. ಆದರೆ ಸ್ವಿಚ್ ಆರಿಸಿದ ಕೂಡಲೇ ಅಲ್ಲಿಯವರೆಗೆ ಗೆದ್ದದ್ದೆಲ್ಲ ಅಳಿಸಿಹೋಗುತ್ತಿದೆ. ಹುಡುಗ ಮೂರು ದಿನದಿಂದ ಒಂದೇ ಕಥೆಯನ್ನು ಮೊದಲಿನಿಂದ ಆಡುತ್ತಿದ್ದಾನೆ. ಇದನ್ನು ದುರಸ್ತಿ ಮಾಡಿಸಬಹುದೇ, ಅಥವಾ ಹಳೆಯ ಯಂತ್ರದ ಆಟಗಳನ್ನು ನಡೆಸುವ ಎಮ್ಯುಲೇಟರ್ ಎಂಬ ತಂತ್ರಾಂಶ ಹಾಕಿ ಫೋನಿನಲ್ಲಿ ಆಡಲು ಬಿಡುವುದೇ ಒಳ್ಳೆಯದೇ? ಇನ್ನೊಂದು ಮಾತನ್ನೂ ಕೇಳಬೇಕಿದೆ. ಈ ಆಟ ನಿಜಕ್ಕೂ ಚೆನ್ನಾಗಿದೆಯೇ, ಅಥವಾ ನನ್ನ ಹದಿನೇಳನೆಯ ವಯಸ್ಸಿನ ನೆನಪಷ್ಟೇ ಚೆನ್ನಾಗಿದೆಯೇ?

ಸರಸ್ವತಿಪುರಂ_ಬೆಸುಗೆ ಉತ್ತರಿಸಿದ್ದು:

ಮೊದಲು ಕ್ಯಾಸೆಟ್ ಅಸಲಿಯೋ ನಕಲಿಯೋ ಎಂಬುದನ್ನು ತಿಳಿದುಕೊಳ್ಳಿ, ಏಕೆಂದರೆ ನಿಮ್ಮ ತೊಂದರೆಯ ಮೂಲ ಬಹುಶಃ ಅಲ್ಲಿಯೇ ಇದೆ. ಅಸಲಿ ಕ್ಯಾಸೆಟ್‌ನ ಮುಂಭಾಗದ ಚೀಟಿಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ, ಕಾಗದದೊಳಕ್ಕೆ ಒತ್ತಿ ಮೂಡಿಸಿದ ಸಣ್ಣ ಅಂಕಿಗಳು ಕಾಣುತ್ತವೆ. ಕೆಳಗಿನ ಬಾಯಿಯಲ್ಲಿ ಇಣುಕಿದರೆ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಬೋರ್ಡಿನ ಮೇಲೆಯೇ ನಿಂಟೆಂಡೊ ಹೆಸರು ಅಚ್ಚಾಗಿರುತ್ತದೆ. ನಕಲಿಗಳಲ್ಲಿ ಸಾಮಾನ್ಯವಾಗಿ ಇವೆರಡೂ ಇರುವುದಿಲ್ಲ.

ಗೇಮ್ ಬಾಯ್ ಅಡ್ವಾನ್ಸ್ ಆಟಗಳು ಸೇವ್ ಉಳಿಸಿಕೊಳ್ಳಲು ಮೂರು ಬಗೆಯ ಚಿಪ್‌ಗಳನ್ನು ಬಳಸುತ್ತಿದ್ದವು: ಇಇಪ್ರಾಮ್, ಫ್ಲ್ಯಾಶ್ ಮತ್ತು ಎಸ್‌ರ‍್ಯಾಮ್. ಮೊದಲೆರಡಕ್ಕೆ ವಿದ್ಯುತ್ ನಿಂತರೂ ನೆನಪು ಉಳಿಯುತ್ತದೆ, ಎಸ್‌ರ‍್ಯಾಮ್‌ಗೆ ಮಾತ್ರ ಒಂದು ಬಟನ್ ಸೆಲ್ ಸದಾ ಜೀವ ಕೊಡುತ್ತಿರಬೇಕು. ನಕಲಿ ತಯಾರಕರು ಆಟ ಮೂಲದಲ್ಲಿ ಯಾವ ಬಗೆಯದಾಗಿದ್ದರೂ ಅದನ್ನು ತಿದ್ದಿ, ಅಗ್ಗದ ಎಸ್‌ರ‍್ಯಾಮ್ ಮತ್ತು ಸೆಲ್ ಹಾಕಿ ಮಾರುತ್ತಿದ್ದದ್ದು ಸಾಮಾನ್ಯ. ಅಂಥ ಸೆಲ್ ಇಷ್ಟು ವರ್ಷಗಳ ಮೇಲೆ ಸತ್ತಿದ್ದರೆ ಅಚ್ಚರಿಯಿಲ್ಲ.

ಹಿಂಬದಿಯಲ್ಲಿ ಮೂರು ಕವಲಿನ ತಲೆಯ ಒಂದು ಸ್ಕ್ರೂ ಇರುತ್ತದೆ. ಅದಕ್ಕೆ ಹೊಂದುವ ಡ್ರೈವರ್‌ನಿಂದಲೇ ಬಿಚ್ಚಿ, ಚಪ್ಪಟೆ ಡ್ರೈವರ್ ತುರುಕಿದರೆ ತಲೆ ಸವೆದುಹೋಗುತ್ತದೆ. ಒಳಗೆ ಸೆಲ್ ಇದ್ದರೆ ಮಲ್ಟಿಮೀಟರ್ ಹಿಡಿದು ನೋಡಿ. ಮೂರು ವೋಲ್ಟ್ ಆಸುಪಾಸಿನಲ್ಲಿ ಇರಬೇಕಾದದ್ದು ತೀರಾ ಕೆಳಗಿಳಿದಿದ್ದರೆ ಕಾರಣ ಸಿಕ್ಕಂತೆಯೇ. ಸೆಲ್ ಮೇಲೆ ಬರೆದಿರುವ ಅಳತೆಯದನ್ನೇ, ಮೊದಲೇ ಲೋಹದ ಕಿವಿಗಳನ್ನು ಅಂಟಿಸಿರುವಂಥದ್ದನ್ನು, ಕೊಳ್ಳಿ. ಬರಿಯ ಸೆಲ್‌ಗೆ ನೇರವಾಗಿ ಬೆಸುಗೆ ಕಾವು ತಾಗಿಸುವುದು ಅಪಾಯಕರ, ಅದು ಸಿಡಿಯಬಹುದು. ಸೆಲ್ಲೇ ಇಲ್ಲದಿದ್ದರೆ ಪಟ್ಟಿಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಇಯರ್‌ಬಡ್‌ನಿಂದ ಒರೆಸಿ ಮತ್ತೊಮ್ಮೆ ಪ್ರಯತ್ನಿಸಿ. ನಾವೆಲ್ಲ ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆ ಬಾಯಿಂದ ಊದಬೇಡಿ, ಎಂಜಲಿನ ತೇವ ಲೋಹವನ್ನು ತಿನ್ನುತ್ತದೆ.

ಕೆಆರ್‌ಎಸ್_ರಸ್ತೆ ಉತ್ತರಿಸಿದ್ದು:

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಈ ಆಟವನ್ನು ನಾನು ಇಂದಿಗೂ ತಿಂಗಳಿಗೊಮ್ಮೆಯಾದರೂ ಆಡುತ್ತೇನೆ ಮತ್ತು ಅದು ನೆನಪಿನ ಬಲದಿಂದ ಮಾತ್ರ ನಿಂತಿರುವ ಆಟವಲ್ಲ ಎಂದು ದೃಢವಾಗಿ ನಂಬಿದ್ದೇನೆ.

2004ರಲ್ಲಿ ಬಂದ ಇದನ್ನು ರೂಪಿಸಿದವರು ಆರ್ಕ್ ಸಿಸ್ಟಮ್ ವರ್ಕ್ಸ್ ಮತ್ತು ಕೇವಿಯಾ. ಆರ್ಕ್ ಸಂಸ್ಥೆ 1998ರಲ್ಲಿಯೇ ‘ಗಿಲ್ಟಿ ಗಿಯರ್’ ಎಂಬ ಫೈಟಿಂಗ್ ಆಟದಿಂದ ಹೆಸರಾಗಿತ್ತು. 2018ರಲ್ಲಿ ‘ಡ್ರ್ಯಾಗನ್ ಬಾಲ್ ಫೈಟರ್‌ಝಡ್’ ಮಾಡಿದವರೂ ಅವರೇ. ಆ ದೊಡ್ಡ ಆಟದಲ್ಲಿ ಮೂವರ ತಂಡ ಕಟ್ಟಿಕೊಂಡು ಹೋರಾಡುತ್ತೇವಲ್ಲವೇ? ನಿಮ್ಮ ಕೈಯಲ್ಲಿರುವ ಪುಟ್ಟ ಕ್ಯಾಸೆಟ್‌ನಲ್ಲಿ ಹದಿನಾಲ್ಕು ವರ್ಷ ಮೊದಲೇ ಮೂವರವರೆಗಿನ ತಂಡ ಕಟ್ಟಬಹುದಿತ್ತು.

ಗೇಮ್ ಬಾಯ್ ಅಡ್ವಾನ್ಸ್‌ಗೆ ದಿಕ್ಕಿನ ಗುಂಡಿಯನ್ನು ಬಿಟ್ಟರೆ ಆಟಕ್ಕೆ ಒದಗುವುದು ಎ, ಬಿ ಮತ್ತು ಹೆಗಲಿನ ಮೇಲಿನ ಎಲ್, ಆರ್ ಎಂಬ ನಾಲ್ಕೇ ಗುಂಡಿಗಳು. ಪರದೆ 240ಕ್ಕೆ 160 ಚುಕ್ಕೆಗಳದ್ದು. ಆರ್ಕೇಡ್‌ನಲ್ಲಿ ಆರು ಗುಂಡಿಗಳಿಗೆಂದು ಹುಟ್ಟಿದ ‘ಸ್ಟ್ರೀಟ್ ಫೈಟರ್ 2’ ಈ ಯಂತ್ರಕ್ಕೆ ಬಂದಾಗ ಆ ಆರನ್ನು ನಾಲ್ಕರೊಳಗೆ ಇಕ್ಕಟ್ಟಾಗಿ ಕೂರಿಸಬೇಕಾಯಿತು. ಸೂಪರ್‌ಸಾನಿಕ್ ವಾರಿಯರ್ಸ್‌ಗೆ ಆ ತೊಡಕಿಲ್ಲ, ಅದು ಈ ಯಂತ್ರಕ್ಕೆಂದೇ ಹುಟ್ಟಿದ್ದು. ಗುಂಡಿಗಳಲ್ಲಿ ಸಿಗದ ಆಳವನ್ನು ಅದು ಆಕಾಶದಲ್ಲಿ ಹುಡುಕಿಕೊಂಡಿತು ಎಂದೇ ನಾನು ಹೇಳುತ್ತೇನೆ. ಸಾಮಾನ್ಯ ಫೈಟಿಂಗ್ ಆಟದಲ್ಲಿ ಮೇಲಿನ ಗುಂಡಿ ಒತ್ತಿದರೆ ಜಿಗಿತ. ಒಮ್ಮೆ ಜಿಗಿದವನು ಕೆಳಗೆ ಬೀಳಲೇಬೇಕು, ಎಲ್ಲಿ ಬೀಳುತ್ತಾನೆ ಎಂಬುದನ್ನು ಎದುರಾಳಿ ಲೆಕ್ಕ ಹಾಕಿ ಕಾಯುತ್ತಾನೆ, ಆಟದ ಅರ್ಧ ಜಾಣ್ಮೆ ಆ ಲೆಕ್ಕದಲ್ಲಿಯೇ ಇರುತ್ತದೆ. ಇಲ್ಲಿ ಹೋರಾಟಗಾರ ಬೀಳುವುದಿಲ್ಲ, ಹಾರುತ್ತಾನೆ. ಹೀಗಾಗಿ ಎದುರಾಳಿಯಿಂದ ಎಷ್ಟು ದೂರದಲ್ಲಿದ್ದೇವೆ ಎಂಬುದರಷ್ಟೇ ಎಷ್ಟು ಎತ್ತರದಲ್ಲಿದ್ದೇವೆ ಎಂಬುದೂ ಮುಖ್ಯವಾಗುತ್ತದೆ. ಶಕ್ತಿ ತುಂಬಿಕೊಳ್ಳಲು ದೂರ ಸರಿದು ನಿಂತವನ ಮೇಲೆ ಎದುರಾಳಿ ಯಾವ ದಿಕ್ಕಿನಿಂದಲಾದರೂ ಎರಗಬಹುದು. ಜಪಾನಿನಲ್ಲಿ ಇದರ ಹೆಸರು ‘ಬುಕೂ ತೋಗೆಕಿ’. ಬುಕೂ ಎಂಬುದು ಸರಣಿಯಲ್ಲಿ ಬರುವ ಹಾರುವ ವಿದ್ಯೆಯ ಹೆಸರಿನಿಂದಲೇ ಬಂದ ಮಾತು. ಶೀರ್ಷಿಕೆಯಲ್ಲಿಯೇ ಆಟದ ತಿರುಳು ಇದೆ.

ಕಥೆಗಳ ಬಗ್ಗೆಯೂ ಹುಡುಗನಿಗೆ ಹೇಳಿ. ಪ್ರತಿ ಪಾತ್ರವನ್ನು ಹಿಡಿದು ಆಡಿದಾಗಲೂ ಕಥೆ ಬೇರೆಯಾಗುತ್ತದೆ, ಮತ್ತು ಅವುಗಳಲ್ಲಿ ಹಲವು ಡ್ರ್ಯಾಗನ್ ಬಾಲ್ ಬರೆದ ತೊರಿಯಾಮಾ ಅವರ ಮೂಲದಲ್ಲಿ ಎಂದೂ ನಡೆಯದ, ‘ಹೀಗಾಗಿದ್ದರೆ’ ಎಂಬ ಊಹೆಯ ಕಥೆಗಳು. ಅದಕ್ಕಾಗಿಯೇ ಸೇವ್ ಉಳಿಯುವುದು ಈ ಆಟಕ್ಕೆ ಅಷ್ಟು ಅಗತ್ಯ. ಒಬ್ಬನ ಕಥೆ ಮುಗಿಸಿ ನಿಲ್ಲಿಸಿದರೆ ಅರ್ಧಕ್ಕಿಂತ ಹೆಚ್ಚು ಆಟ ಕಾಣದೆಯೇ ಉಳಿಯುತ್ತದೆ.

ಫೋನಿನಲ್ಲಿ ಆಡಿಸಬೇಡಿ. ಗಾಜಿನ ಮೇಲೆ ಬರೆದ ಗುಂಡಿಯ ಅಂಚು ಹೆಬ್ಬೆರಳಿಗೆ ತಿಳಿಯುವುದಿಲ್ಲ. ಓರೆಯಾಗಿ ಮೇಲಕ್ಕೆ ಹಾರಬೇಕಾದ ಕಡೆ ನೇರ ಮುಂದಕ್ಕೆ ಹೋಗಿ ಏಟು ತಿಂದರೆ ಹುಡುಗ ಆಟವನ್ನೇ ದೂರುತ್ತಾನೆ.

ಚಾಮುಂಡಿಪುರಂ_ಡಿಎಸ್ ಉತ್ತರಿಸಿದ್ದು:

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೂ ಅನಿಮೆ, ಅಂದರೆ ಜಪಾನಿ ಕಾರ್ಟೂನ್, ಆಧರಿಸಿದ ಕೈಯಂತ್ರದ ಫೈಟಿಂಗ್ ಆಟಗಳಲ್ಲಿ ನನ್ನ ಮೊದಲ ಆಯ್ಕೆ, ಎರಡು ಪರದೆಗಳಿರುವ ನಿಂಟೆಂಡೊ ಡಿಎಸ್ ಯಂತ್ರದ ‘ಬ್ಲೀಚ್: ದಿ ಬ್ಲೇಡ್ ಆಫ್ ಫೇಟ್’. ಟ್ರೆಷರ್ ಸಂಸ್ಥೆ ಮಾಡಿ ಸೆಗಾ ಹೊರತಂದ ಆ ಆಟದಲ್ಲಿ ಕಣ ಮುಂದೆ ಹಿಂದೆ ಎಂಬ ಎರಡು ಪದರಗಳಾಗಿದ್ದು, ಏಟು ತಪ್ಪಿಸಿಕೊಳ್ಳಲು ಪದರ ಬದಲಿಸಬಹುದು, ಕೆಳಗಿನ ಪರದೆಯನ್ನು ಮುಟ್ಟಿ ವಿಶೇಷ ಹೊಡೆತಗಳನ್ನು ಹೊರಡಿಸಬಹುದು. ಅದರ ಆನ್‌ಲೈನ್ ಆಟ ಮಾತ್ರ 2014ರ ಮೇ ತಿಂಗಳಲ್ಲಿ ನಿಂಟೆಂಡೊ ತನ್ನ ಹಳೆಯ ವೈಫೈ ಸೇವೆಯನ್ನು ನಿಲ್ಲಿಸಿದಾಗಲೇ ಮುಗಿದುಹೋಯಿತು.

ಒಂದು ಎಚ್ಚರಿಕೆ. ಇಬ್ಬರೂ ಎದುರುಬದುರಾಗಿ ಆಡಬೇಕೆಂದು ಇನ್ನೊಂದು ಯಂತ್ರ ಹುಡುಕುವುದಾದರೆ ಡಿಎಸ್ ಕೊಳ್ಳಬೇಡಿ. ಡಿಎಸ್ ಮತ್ತು ಡಿಎಸ್ ಲೈಟ್‌ನಲ್ಲಿ ನಿಮ್ಮ ಕ್ಯಾಸೆಟ್ ಕೂರುತ್ತದೆ, ಆಟ ನಡೆಯುತ್ತದೆ, ಆದರೆ ಎರಡು ಯಂತ್ರಗಳನ್ನು ಜೋಡಿಸುವ ಲಿಂಕ್ ಕೇಬಲ್ ಚುಚ್ಚಲು ಅವುಗಳಲ್ಲಿ ಜಾಗವೇ ಇಲ್ಲ. ಇನ್ನೊಂದು ಗೇಮ್ ಬಾಯ್ ಅಡ್ವಾನ್ಸ್ ಆಗಲಿ, ಎಸ್‌ಪಿ ಆಗಲಿ ಬೇಕು.

ಮಂಡ್ಯ_ವಿದ್ಯಾನಗರ ಮತ್ತೆ ಬರೆದದ್ದು:

ಮೂವರಿಗೂ ಧನ್ಯವಾದಗಳು. ನಿನ್ನೆ ಸಂಜೆ ಅಕ್ಕನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕ್ಯಾಸೆಟ್ ಬಿಚ್ಚಿದೆ. ಬೋರ್ಡಿನ ಮೇಲೆ ನಿಂಟೆಂಡೊ ಹೆಸರಿಲ್ಲ, ಚೀಟಿಯ ಮೇಲೆ ಒತ್ತಿದ ಅಂಕಿಗಳೂ ಇಲ್ಲ. ಅಂದು ಅಸಲಿಯ ಬೆಲೆ ಕೊಟ್ಟು ನಕಲಿ ಕೊಂಡಿದ್ದೆ ಎಂದು ಇಷ್ಟು ವರ್ಷಗಳ ಮೇಲೆ ತಿಳಿದು ಮನಸ್ಸಿಗೆ ನೋವಾಯಿತು. ಒಳಗೆ ಬಟನ್ ಸೆಲ್ ಇದೆ, ಮೀಟರ್ ತೋರಿಸಿದ್ದು ಒಂದು ವೋಲ್ಟ್‌ಗಿಂತಲೂ ಕಡಿಮೆ.

ಕಿವಿಯಿರುವ ಸೆಲ್ ತರಿಸಲು ಹೇಳಿದ್ದೇನೆ. ಅದು ಬರುವವರೆಗೆ ಯಂತ್ರವನ್ನು ಆರಿಸದೆ ಚಾರ್ಜರ್‌ಗೆ ಸಿಕ್ಕಿಸಿಯೇ ಇಟ್ಟುಕೊಂಡಿದ್ದೇವೆ. ಗೋಕುವಿನ ಕಥೆ ಮುಗಿದಿದೆ, ಹುಡುಗ ಈಗ ಪಿಕೊಲೊನನ್ನು ಹಿಡಿದಿದ್ದಾನೆ. ಮೈಸೂರಿನ ಕಡೆ ಯಾರ ಬಳಿಯಾದರೂ ಕೊಡುವ ಮನಸ್ಸಿರುವ ಲಿಂಕ್ ಕೇಬಲ್ ಮತ್ತು ಇನ್ನೊಂದು ಎಸ್‌ಪಿ ಇದ್ದರೆ ದಯವಿಟ್ಟು ಇಲ್ಲಿಯೇ ತಿಳಿಸಿ, ಭಾನುವಾರ ನಾವಿಬ್ಬರೂ ರೈಲಿನಲ್ಲಿ ಬರುತ್ತೇವೆ.