ಅಪ್‌ಡೇಟ್: ಕಷ್ಟದಲ್ಲಿ ದೇವರ ಮೇಲಿನ ನಂಬಿಕೆ ಹೇಗೆ ಉಳಿಸಿಕೊಳ್ಳೋದು?

ನಮ್ಮವರ ಕೆಲಸ ಹೋಗಿ ಐದು ತಿಂಗಳಾಯಿತು, ದೀಪ ಹಚ್ಚಿದರೂ ಮನಸ್ಸು ನಿಲ್ಲುತ್ತಿಲ್ಲ, ದೇವರು ಕೇಳಿಸಿಕೊಳ್ಳುತ್ತಿದ್ದಾನಾ ಅಂತ ಮೂರು ವಾರದ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ನಿಮ್ಮಲ್ಲೊಬ್ಬರು ಹೇಳಿದ 48 ದಿನದ ವ್ರತ ನನ್ನಿಂದ ಆಗಲಿಲ್ಲ. ದಿನ ಎಣಿಸುತ್ತಾ ಆತಂಕವೇ ಜಾಸ್ತಿಯಾಯಿತು, ಹನ್ನೊಂದಕ್ಕೆ ಬಿಟ್ಟೆ. ಕೈಹಿಡಿದಿದ್ದು, "ಕೇಳದೇ ಬಂದ ಒಂದು ಸಹಾಯವನ್ನು ದಿನಾ ರಾತ್ರಿ ಬರೆದಿಡಿ" ಎಂದ ಅಕ್ಕನ ಮಾತು. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲೇ ಶುರುಮಾಡಿದೆ. ಪಕ್ಕದ ಮನೆಯವರು ಕೊಟ್ಟ ಅರ್ಧ ಚೀಲ ರಾಗಿ. ಅಂಗಡಿಯವರು "ಮುಂದಿನ ತಿಂಗಳು ಕೊಡಿ ಬಿಡಮ್ಮ" ಅಂದದ್ದು. ಈಗ ಎರಡು ಹಾಳೆ ತುಂಬಿದೆ!

ಇನ್ನೊಬ್ಬರು ಕನಕದಾಸರ ಕೀರ್ತನೆ ಹಾಡಿಕೊಳ್ಳಿ ಅಂದಿದ್ದರು. ಬೆಟ್ಟದ ತುದಿಯ ಮರಕ್ಕೆ ನೀರು ಹಾಕಿದವರು ಯಾರು ಅಂತ ದಾಸರು ಕೇಳುತ್ತಾರಲ್ಲ, ಅದು. ಮೊದಲು ಸುಮ್ನೆ ಬಾಯಲ್ಲಿ ಹಾಡಿದೆ, ಅಷ್ಟೇ. ಕಳೆದ ಭಾನುವಾರ ರಾಮನಗರದ ರಾಮದೇವರ ಬೆಟ್ಟಕ್ಕೆ ಹೋಗಿದ್ದಾಗ ಬಂಡೆಯ ಬಿರುಕಲ್ಲಿ ಅತ್ತಿ ಜಾತಿಯ ಮರವೊಂದು ಕಂಡಿತು. ಇಂಥ ಬೀಜ ಹಕ್ಕಿಗಳು ತಂದು ಹಾಕುತ್ತವಂತೆ, ನನಗೆ ಗೊತ್ತೇ ಇರಲಿಲ್ಲ. ಬೆರಳು ತೂರದ ಸಂದಿಯಲ್ಲಿ ಬೇರು ಇಳಿದಿತ್ತು. ಅಲ್ಲೇ ಕೂತು ಅತ್ತುಬಿಟ್ಟೆ.

ಇವರಿಗೆ ಇನ್ನೂ ಕಾಯಂ ಕೆಲಸ ಸಿಕ್ಕಿಲ್ಲ. ಸ್ನೇಹಿತರ ಗ್ಯಾರೇಜಿನಲ್ಲಿ ಲೆಕ್ಕ ಬರೆಯುತ್ತಿದ್ದಾರೆ. ನಾನು ರಾತ್ರಿ ನಿದ್ದೆ ಮಾಡುತ್ತಿದ್ದೇನೆ.