ಮಂಡಿ ಮಂಜಣ್ಣ ಮತ್ತು ಮೂರು ಚಿಪ್ ಕಂಪನಿಗಳು

“ರ‍್ಯಾಮ್‌ಗೂ ರೇಟ್ ಏರ್ತದಾ? ಅದೇನು ಮಳೆಗೆ ಕೊಳೀತದಾ?”

ಮಗನ ಕಂಪ್ಯೂಟರ್‌ಗೆ ರ‍್ಯಾಮ್ ಹಾಕಿಸಕ್ಕೆ ಹೋಗಿ ರೇಟು ಕೇಳಿದ ಮಂಡಿ ಮಂಜಣ್ಣ, ಕೋಲಾರದ ಕ್ಲಾಕ್ ಟವರ್ ಹತ್ರ ಟೀ ಅಂಗಡೀಲಿ ಉರೀತಾ ಕೂತಿದ್ದ.

“ಎಲ್ಲಾ ಎಐನೋರು ಬಾಚ್ಕೊಂಡು ಹೋಗ್ತಾವ್ರಣ್ಣ,” ಅಂದ ರಿಪೇರಿ ಅಂಗಡಿ ಶಫಿ. “ದೊಡ್ಡದಾಗಿ ಮಾಡೋರು ಮೂರೇ ಜನ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಮೂವರೂ ಎಐಗೆ ಬೇಕಾದ ಎಚ್‌ಬಿಎಂ ಅನ್ನೋ ಮೆಮೊರಿ ಹಿಂದೆ ಬಿದ್ದವ್ರೆ. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್, ನಮ್ಮಂಥೋರಿಗೆ ಮಾರ್ತಿದ್ದ ಕ್ರೂಶಿಯಲ್ ವ್ಯಾಪಾರಾನೇ ಬಿಡ್ತೀವಿ ಅಂತು.”

“ಮೂರೇ ಜನಾನಾ! ನಮ್ಮ ಮಂಡೀಲಿ ಮೂರೇ ಜನ ಇದ್ದಿದ್ರೆ ನಾನ್ಯಾಕೆ ಇಲ್ಲಿ ಬೈಟೂ ಕುಡೀತಿದ್ದೆ?”

“ಅವರ ತಲೆ ಮೇಲೂ ಒಬ್ಬ ಅವ್ನೆ,” ಅಂದ್ರು ಮೇಷ್ಟ್ರು. ಫಿಸಿಕ್ಸ್ ಪಾಠ ಮಾಡೋ ಚಟ ರಿಟೈರ್ ಆದ್ಮೇಲೂ ಬಿಟ್ಟಿಲ್ಲ, ಸಿಕ್ಕಿರೋ ಮಕ್ಕಳು ನಾವೇ. “ನೆದರ್ಲೆಂಡ್ಸ್‌ನ ಎಎಸ್‌ಎಂಎಲ್. ಇಯುವಿ, ಅಂದ್ರೆ ಅತಿ ಸಣ್ಣ ಅಲೆಯ ಬೆಳಕಿನ ಮಿಷನ್ ಮಾರೋದು ಪ್ರಪಂಚದಲ್ಲಿ ಅದೊಂದೇ. ಕರಗಿದ ತವರದ ಹನಿ ಬೀಳ್ತಿರುತ್ತೆ, ಸೆಕೆಂಡಿಗೆ 50,000. ಒಂದೊಂದಕ್ಕೂ ಗುರಿಯಿಟ್ಟು ಲೇಸರ್ ಹೊಡೆದ್ರೆ 13.5 ನ್ಯಾನೋಮೀಟರ್ ಅಲೆಯ ಬೆಳಕು ಹುಟ್ಟುತ್ತೆ. ಅದ್ರಲ್ಲಿ ಚಿಪ್ ಮೇಲೆ ಗೆರೆ ಮೂಡಿಸ್ತಾರೆ. ಹೊಸ ಮಾಡೆಲ್ಲು 30 ಕೋಟಿ ಯೂರೋ ಮೇಲೆ!”

“ಚೌಕಾಸಿ?”

“ಪಕ್ಕದಲ್ಲಿ ಇನ್ನೊಂದು ಅಂಗಡಿ ಇದ್ರೆ ತಾನೇ?”

ಸ್ಯಾಮ್‌ಸಂಗ್ 2020ಕ್ಕೇ ಈ ರ‍್ಯಾಮ್ ಚಿಪ್‌ಗೆ, ಅಂದ್ರೆ ಡಿರ‍್ಯಾಮ್‌ಗೆ ಇಯುವಿ ತಂದ್ರೂ ಮೈಕ್ರಾನ್ ವರ್ಷಗಟ್ಟಲೆ ಹಳೇ ಮಿಷನ್ನಲ್ಲೇ ತಳ್ತು ಅಂತ ಕೇಳಿ ಮಂಜಣ್ಣಂಗೆ ಖುಷಿಯೋ ಖುಷಿ. ಅವನ ಟೆಂಪೋ ನೋಡಿದೋರಿಗೆ ಕಾರಣ ಗೊತ್ತು.

“ಈಗ ಮೂವರತ್ರಾನೂ ಅದೇ ಮಿಷನ್ನು. ಮತ್ತೆ ಜಗಳ ಯಾತಕ್ಕೆ?”

“ಯೀಲ್ಡಿಗೆ, ಅಂದ್ರೆ ನೂರಕ್ಕೆ ಎಷ್ಟು ನೆಟ್ಟಗೆ ಬಂತು ಅನ್ನೋದಕ್ಕೆ,” ಅಂದ ಶಫಿ. “ಖರ್ಚು ಇಡೀ ವೇಫರ್‌ಗೆ, ಅಂದ್ರೆ ಚಿಪ್‌ಗಳು ಮೂಡೋ ಸಿಲಿಕಾನ್ ಬಿಲ್ಲೆಗೆ ಬೀಳುತ್ತೆ. ದುಡ್ಡು ಹುಟ್ಟೋದು ಅದ್ರಲ್ಲಿ ನೆಟ್ಟಗಿರೋ ಚಿಪ್‌ಗಳಿಗೆ ಮಾತ್ರ.”

“ಟೊಮೆಟೊದ್ದೂ ಅದೇ ಅಲ್ವಾ? ಕೆಟ್ಟಿದ್ದು ಆರಿಸಿ ಎಸೀ, ಉಳಿದಿದ್ದು 15 ಕೆಜಿ ಬಾಕ್ಸ್‌ಗೆ ತುಂಬು.”

“ಬಿಡಿ ಚಿಪ್ ಆದ್ರೆ ಸರಿ. ಈಗಿನ ಎಚ್‌ಬಿಎಂ ಅಂದ್ರೆ ಹೆಚ್ಚಾಗಿ ಹನ್ನೆರಡು ಪದರ ಚಿಪ್ ಒಂದರ ಮೇಲೊಂದು. ಬೆಸೆದಾದ್ಮೇಲೆ ಮಧ್ಯದ್ದೊಂದು ಕೈಕೊಟ್ರೆ ಆರಿಸಿ ಎಸೆಯಕ್ಕೆ ಆಗಲ್ಲ. ಪೂರ್ತಿ ಹೋಯ್ತು.”

ಮೇಷ್ಟ್ರ ಕಣ್ಣು ಮಿಂಚಿತು. “ಲೆಕ್ಕ ಮಾಡು! ಪ್ರತಿ ಪದರ ನೂರಕ್ಕೆ 99 ಸಲ ಸರಿಯಾಗಿ ಕೂರ್ತದೆ ಅನ್ಕೋ. 0.99 ಅನ್ನ 12 ಸಲ ಗುಣಿಸು.”

“88 ಚಿಲ್ಲರೆ.”

“ಈಗ 0.95 ಹಾಕು.”

ಶಫಿ ಫೋನನ್ನೇ ಎರಡು ಸಲ ನೋಡಿದ. “54.”

ಮಂಜಣ್ಣನ ವಡೆ ಬಾಯಿಗೆ ಹೋಗದೆ ನಿಂತಿತು. “ಹೆಚ್ಚುಕಮ್ಮಿ ಅರ್ಧ ತಿಪ್ಪೆಗಾ!”

“ಅದಕ್ಕೇ ಬೆಸೆಯೋದ್ರಲ್ಲೇ ಗುದ್ದಾಟ. ಸ್ಯಾಮ್‌ಸಂಗ್ ಪದರದ ನಡುವೆ ಫಿಲಂ ಇಟ್ಟು ಬಿಸಿ ಮಾಡಿ ಒತ್ತುತ್ತೆ. ಹೈನಿಕ್ಸ್ ಬೆಸುಗೆ ಕರಗಿಸಿ, ಸಂದಿಗೆಲ್ಲ ದ್ರವ ತುಂಬಿ ಗಟ್ಟಿ ಮಾಡುತ್ತೆ, ಬಿಸಿಯೂ ಬೇಗ ಹೊರಗೆ ಹೋಗುತ್ತೆ. 2025ರ ಮೊದಲ ಮೂರು ತಿಂಗಳಲ್ಲಿ ಡಿರ‍್ಯಾಮ್ ವರಮಾನದಲ್ಲಿ ಸ್ಯಾಮ್‌ಸಂಗನ್ನೇ ಹಿಂದಾಕ್ತಲ್ಲ. ಆ ಬೆಸೆಯೋ ಮಿಷನ್ ಮಾಡೋ ಹನ್ಮಿ, ಹನ್ವಾ ಇಬ್ರೂ ಕೊರಿಯಾದೋರೇ. ಪೇಟೆಂಟ್‌ಗೆ ಕೋರ್ಟಿಗೂ ಹೋದ್ರು.”

“ದಾಯಾದಿ ವ್ಯಾಜ್ಯ ಅಲ್ಲೂ ಐತೆ ಅನ್ನು! ಸರಿ, ಯಾರ ಯೀಲ್ಡು ಎಷ್ಟು?”

“ಸರಿಯಾದ ಲೆಕ್ಕ ಯಾರೂ ಬಾಯಿ ಬಿಡಲ್ಲಣ್ಣ.”

“ಅದು ವ್ಯಾಪಾರ ಅಂದ್ರೆ! ಬಾಕ್ಸ್ ತಳದಾಗೆ ಏನೈತೆ ಅಂತ ನಾನು ಯಾರಿಗಾದ್ರೂ ಹೇಳಿದೀನಾ?”

ಮೇಷ್ಟ್ರು ಲೋಟ ಕೆಳಗಿಟ್ರು. “ಮಂಜಣ್ಣ, ಹೋದ ವಾರ ನಮ್ಮನೆಗೆ ಕಳಿಸಿದ್ಯಲ್ಲ, ಒಂದು ಬಾಕ್ಸು…”

“ಏಯ್, ಮೇಷ್ಟ್ರಿಗೆ ಇನ್ನೊಂದು ಟೀ ಕೊಡಪ್ಪ! ಫುಲ್ಲು!”