ಸಹಾಯ ಬೇಕು: ಕೀಮೋ ಜೊತೆ ಅರಿಶಿನದ ಕ್ಯಾಪ್ಸೂಲ್ ಕೊಡಬಹುದಾ?

ನಮಸ್ಕಾರ, ನಾವು ಕೋಲಾರದವರು. ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್, ಮೂಳೆಗೂ ಹರಡಿದೆ. ಬೆಂಗಳೂರಿನಲ್ಲಿ ಮೂರು ವಾರಕ್ಕೊಮ್ಮೆ ಡೋಸಿಟ್ಯಾಕ್ಸೆಲ್ ಅನ್ನೋ ಕೀಮೋ ಔಷಧಿಯ ಡ್ರಿಪ್ ಹಾಕುತ್ತಿದ್ದಾರೆ. ಈಗ ಚಿಕ್ಕಪ್ಪ ಕರ್ಕ್ಯುಮಿನ್ (ಅರಿಶಿನದಲ್ಲಿರುವ ಅಂಶ) ಕ್ಯಾಪ್ಸೂಲ್ ತಂದಿಟ್ಟಿದ್ದಾರೆ. ಡಬ್ಬಿ ಮೇಲೆ ಕರಿಮೆಣಸಿನ ಸಾರವೂ ಇದೆ ಅಂತ ಬರೆದಿದೆ. "ಗಿಡದ್ದು ತಾನೇ, ಏನೂ ಆಗಲ್ಲ" ಅಂತಾರೆ. ಡೋಸಿಟ್ಯಾಕ್ಸೆಲ್ ಕೂಡ ಯೂ ಮರದ ಎಲೆಯಿಂದ ಶುರುವಾಗುವ ಔಷಧಿಯೇ ಅಲ್ವಾ, ಅಪ್ಪನ ಕೂದಲೆಲ್ಲ ಉದುರಿದೆ!

ಈ ಔಷಧಿಯನ್ನು ಒಡೆಯುವುದು ಲಿವರ್. ಮೆಣಸಿನ ಪೈಪರಿನ್ ಆ ಕೆಲಸಕ್ಕೆ ಅಡ್ಡ ಬರಬಹುದು ಅಂತ ಓದಿ ಡಬ್ಬಿ ಎತ್ತಿಟ್ಟಿದ್ದೇನೆ. ಸಾರಿಗೆ ಹಾಕುವ ಅರಿಶಿನ, ಟೊಮೆಟೊಗೆ ಚಿಂತೆಯಿಲ್ಲ, ಕೋಲಾರದಲ್ಲಿ ಟೊಮೆಟೊ ಬಿಟ್ಟು ಅಡುಗೆ ಎಲ್ಲಿದೆ?

ಗುಂಪಿನಲ್ಲಿ ಕ್ಯಾನ್ಸರ್ ಡಾಕ್ಟರ್, ಫಾರ್ಮಸಿಸ್ಟ್ ಇದ್ದರೆ ದಯವಿಟ್ಟು ಹೇಳಿ: ಮುಂದಿನ ಡ್ರಿಪ್‌ಗೆ ಹೋದಾಗ ಡಾಕ್ಟರ ಹತ್ತಿರ ಏನೇನು ಕೇಳಬೇಕು? ಡಬ್ಬಿ ತೋರಿಸಿದರೆ ಸಾಕಾ? ಚಿಕ್ಕಪ್ಪನಿಗೆ ಬೇಜಾರಾಗದ ಹಾಗೆ ಹೇಳುವುದು ಹೇಗೆ ಅಂತಾನೂ ಯಾರಾದರೂ ತಿಳಿಸಿ.